ಪ್ರವಾಸದ ಫಾರ್ಸಿಯೂ ಒಂದೇ ಸಲದ ‘ಬೇಡ’ವೂ

ನಾನು ನಿಂತಿದ್ದದ್ದು ಸಿರುಗುಪ್ಪದಲ್ಲಿ, ಹೊನ್ನೂರ್‌ಸಾಬನ ಮನೆಯ ಪಡಸಾಲೆಯಲ್ಲಿ, ಬಾಗಿಲಿಂದ ಒಳಗೆ ಬಂದರೆ ಎಡಗಡೆ ಸಿಗುವ ಎರಡನೆಯ ಕಂಬದ ಪಕ್ಕ. ಮೂರನೆಯ ಕಂಬ ಎಂದು ಹೊನ್ನೂರ್‌ಸಾಬ್ ಹೇಳುತ್ತಾನೆ. ಅವನ ಮಾತು ನಂಬಬೇಡಿ. ಆ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಕಂಬ ಎಣಿಸುವ ಪ್ರಸಂಗ ಎಂದೂ ಬಂದಿಲ್ಲ. ಎರಡು ವರ್ಷದ ಹಿಂದಿನ ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ, ಮಧ್ಯಾಹ್ನ, ಊಟದ ಹೊತ್ತು. ಅಲ್ಲಿ ಏನಾಯಿತು ಎಂಬುದನ್ನು ಸಿರುಗುಪ್ಪದಲ್ಲಿ ಒಂದು ಥರ ಹೇಳುತ್ತಾರೆ, ಬಳ್ಳಾರಿಯ ನಮ್ಮ ಬ್ರೂಸ್‌ಪೇಟೆಯ ಓಣಿಯಲ್ಲಿ ಇನ್ನೊಂದು ಥರ ಹೇಳುತ್ತಾರೆ. ನನ್ನ ಹೆಂಡತಿ ಪಂಪಮ್ಮ ಹೇಳುವುದು ಬೇರೆಯೇ. ಹಾಗಾಗಿ ಕಣ್ಣಾರೆ ಕಂಡವನಾದ ನಾನು ನಿಧಾನವಾಗಿ, ಹೆಚ್ಚುಕಡಿಮೆ ಮಾಡದೆ, ನಡೆದದ್ದನ್ನು ನಡೆದಂತೆ ಹೇಳಿಬಿಡಬೇಕೆಂದು ಕೂತಿದ್ದೇನೆ. ಅಂದಿನ ನಡುಕ ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಈಗಲೂ ಯಾರಾದರೂ ಮುಚ್ಚಳ ಮುಚ್ಚಿದ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ನನಗೆ ಫಾರ್ಸಿ ಭಾಷೆ ಬರುತ್ತದೆ. ಪೂರ್ತಿಯಲ್ಲ, ಪ್ರವಾಸಕ್ಕೆ ಬೇಕಾದಷ್ಟು. ಇರಾನಿನ ಯಾವ ಊರಿನಲ್ಲಾದರೂ ನನ್ನನ್ನು ಇಳಿಸಿ ನೋಡಿ. ಬಸ್ ನಿಲ್ದಾಣ ಎಲ್ಲಿದೆ ಎಂದು ಕೇಳುತ್ತೇನೆ, ಕಿಟಕಿ ಪಕ್ಕದ ಸೀಟು ಕೇಳಿ ಪಡೆಯುತ್ತೇನೆ, ಕೋಣೆಯಲ್ಲಿ ಬಿಸಿನೀರು ಬರುತ್ತಿಲ್ಲವೆಂದು ದೂರುತ್ತೇನೆ, ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ಠಾಣೆಯ ದಾರಿ ವಿಚಾರಿಸುತ್ತೇನೆ. ತೊಂದರೆ ಏನೆಂದರೆ ಈವರೆಗೆ ನನ್ನನ್ನು ಯಾರೂ ಅಲ್ಲಿ ಇಳಿಸಿಲ್ಲ. ಕಳೆದುಕೊಳ್ಳೋಣವೆಂದರೆ ಪಾಸ್‌ಪೋರ್ಟೂ ಇಲ್ಲ. ಗುಂತಕಲ್ಲು ದಾಟಿ ಆಚೆ ಹೋದವನೇ ಅಲ್ಲದ ನಾನು ಈ ವಯಸ್ಸಿನಲ್ಲಿ ಇದನ್ನೆಲ್ಲ ಯಾಕೆ ಕಲಿತೆ ಎಂದು ನೀವು ಕೇಳಬಹುದು. ಪಂಪಮ್ಮನಂತೂ ದಿನಾ ಕೇಳುತ್ತಾಳೆ.

ಇದಕ್ಕೆ ಉತ್ತರ ಹೇಳಬೇಕಾದರೆ ಬಸ್ಸಿನಿಂದ ಶುರು ಮಾಡಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಡಕ್ಟರ್, ಹೊನ್ನೂರ್‌ಸಾಬ್ ಡ್ರೈವರ್. ನಮ್ಮದು ಬಳ್ಳಾರಿಯಿಂದ ಕುರುಗೋಡಿನ ಮೇಲೆ ಸುತ್ತಿ, ಸಿರಿಗೇರಿ ಮುಟ್ಟಿಕೊಂಡು ಸಿರುಗುಪ್ಪ ಸೇರುವ ಬಸ್ಸು. ನೆಟ್ಟಗಿನ ದಾರಿಯಲ್ಲಿ ಹೋಗುವ ಬಸ್ಸಿನವರು ನಮ್ಮದನ್ನು ಮದುವೆ ದಿಬ್ಬಣ ಎಂದು ಹಂಗಿಸುತ್ತಿದ್ದರು. ಬಸ್ಸು ತಡವಾಗುತ್ತಿದ್ದದ್ದು ನಿಜ. ಆದರೆ ಕಾರಣ ರಸ್ತೆಯಲ್ಲ, ಕುರುಗೋಡಿನ ತಿಪ್ಪಮ್ಮ. ಗುಡ್ಡದ ಕೆಳಗೆ, ಬಸ್ಸು ತಿರುಗಿಸುವ ಬಯಲಿನಲ್ಲಿ ಅವಳದು ಒಗ್ಗರಣಿ ಮಂಡಕ್ಕಿ, ಮಿರ್ಚಿಯ ಅಂಗಡಿ. ನಾವು ಇಳಿದ ಕೂಡಲೇ ಅವಳು ತಾಟು ಮುಂದೆ ಹಿಡಿಯಬೇಕು, ನಾವು ‘ಬ್ಯಾಡಬೇ, ಈಗ ಉಂಡ್ ಬಂದೀವಿ’ ಎನ್ನಬೇಕು. ಅವಳು ಕಿವಿಗೆ ಹಾಕಿಕೊಳ್ಳದೆ ಮಿರ್ಚಿ ಇಡಬೇಕು, ನಾವು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಅವಳು ಕೈ ಸರಿಸಿ ಮಂಡಕ್ಕಿ ಸುರಿಯಬೇಕು. ಅಷ್ಟು ಹೊತ್ತಿಗೆ ಬಸ್ಸಿನೊಳಗಿನ ಜನ ಕಿಟಕಿಯಿಂದ ಕತ್ತು ಹೊರಹಾಕಿ ‘ಉಣ್ರಪೋ ಮಾರಾಯ್ರಾ, ನಾವು ಊರು ಮುಟ್ಟಬೇಕು’ ಎಂದು ಬೇಡಿಕೊಳ್ಳುತ್ತಿದ್ದರು. ತಿನ್ನುವುದಕ್ಕೆ ಹಿಡಿಯುತ್ತಿದ್ದದ್ದು ಸ್ವಲ್ಪ ಹೊತ್ತು. ಬೇಡ ಎನ್ನುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಒಮ್ಮೆ ನಾನು, ಹೊಸಬ, ಮೇಲಧಿಕಾರಿಗಳ ಭಯಕ್ಕೆ, ‘ಲೇ ಹೊನ್ನೂರ, ಒಂದ್ ದಿನ ನೆಟ್ಟಗ ಹೂಂ ಅಂದ್ಬಿಡೋಣಲೇ, ಹೊತ್ತು ಉಳೀತೈತಿ’ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಕರದ ಕೂಡ್ಲೆ ಹೂಂ ಅನ್ನಾಕ ನಾವೇನು ಬರಗೆಟ್ಟೋರಾ? ಬ್ಯಾಡ ಅಂದ ಕೂಡ್ಲೆ ಬಿಡಾಕ ಆಕಿಯೇನು ಜಿಪುಣಿಯಾ?’ ಎಂದ. ನಮ್ಮ ಸೀಮೆಯ ಅತಿಥಿ ಸತ್ಕಾರದ ಶಾಸ್ತ್ರವೆಲ್ಲ ಆ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ. ಆ ಮಾತು ಹೇಳಿದವನು ಹೊನ್ನೂರ್‌ಸಾಬ್ ಎಂಬುದನ್ನು ದಯವಿಟ್ಟು ನೆನಪಿಡಿ.

ಆಮೇಲೆ ನನ್ನ ಬೆನ್ನು ನೋವು ನೋಡಿ ನನ್ನನ್ನು ಬಳ್ಳಾರಿಯ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಿಸಿದರು. ನಿವೃತ್ತಿಯವರೆಗೆ ಅದೇ ಕೆಲಸ. ‘ಪ್ರಯಾಣಿಕರ ಗಮನಕ್ಕೆ’ ಎಂದು ನಾನು ಮೂಗಿನಿಂದ ಎಳೆದರೆ ಮಲಗಿದವರು ಎದ್ದು ಗಂಟು ಹುಡುಕುತ್ತಿದ್ದರು. ಎಲ್ಲೆಲ್ಲಿಯ ಊರಿಗೋ ಜನರನ್ನು ಹತ್ತಿಸಿ ಕಳಿಸಿದೆ, ನಾನು ಮಾತ್ರ ಕುರ್ಚಿಯಲ್ಲೇ ಉಳಿದೆ. ಇದರಲ್ಲಿ ದುಃಖವೇನೂ ಇರಲಿಲ್ಲ. ಆದರೆ ನಿವೃತ್ತನಾದ ಮೇಲೆ, ಮಧ್ಯಾಹ್ನ ಮಂಚದ ಮೇಲೆ ಉರುಳಿಕೊಂಡಾಗ, ಎಂದೂ ನೋಡದ ಊರುಗಳ ಹೆಸರು ಸಾಲಾಗಿ ಬಾಯಿಗೆ ಬರುತ್ತಿದ್ದವು. ಪಂಪಮ್ಮ ಅಡುಗೆಮನೆಯಿಂದಲೇ, ‘ಬಸ್ ಹೋತ್ರಿ, ಮಲಕ್ಕೊಳ್ರಿ’ ಎನ್ನುತ್ತಿದ್ದಳು.

ಇಂಥ ಒಂದು ಮಧ್ಯಾಹ್ನವೇ ಹೊನ್ನೂರ್‌ಸಾಬ್ ನಮ್ಮ ಮನೆಗೆ ಬಂದ. ಅವನ ಕೊನೆಯ ಮಗ ಜಮೀರ್ ಮೈಸೂರಿನಲ್ಲಿ ಔಷಧಶಾಸ್ತ್ರ ಓದಿದವನು. ಅವನ ಜೊತೆಯಲ್ಲೇ ಓದಿದ ನಸ್ತರನ್ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಿದ್ದಾನೆ. ಹುಡುಗಿ ಇರಾನಿನವಳು, ಶಿರಾಜ್ ಎಂಬ ಊರು. ಅವಳ ತಂದೆತಾಯಿ ಮನೆ ನೋಡಲು ಬರುತ್ತಾರೆ. ಹೊನ್ನೂರ್‌ಸಾಬನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ನಡೆಯುತ್ತಿದ್ದದ್ದು ಅವನ ತಾಯಿಯ ಮಾತು. ಊರೆಲ್ಲ ಅವರನ್ನು ಬಡೇಮಾ ಎನ್ನುತ್ತಿತ್ತು. ಮಂಚ ಬಿಟ್ಟು ಇಳಿಯಲಾಗದಿದ್ದರೂ ಮನೆಯ ಒಂದು ಚಮಚ ಅವರಿಗೆ ತಿಳಿಯದೆ ಅಲುಗುತ್ತಿರಲಿಲ್ಲ. ಬಡೇಮಾ ಹೇಳಿದ್ದು ಇಷ್ಟು: ದೂರದವರು, ಭಾಷೆ ಬೇರೆ, ಇರಲಿ. ಬೀಗರು ನಮ್ಮ ಮನೆಯಲ್ಲಿ ಉಂಡು, ಸಂತೋಷವಾಗಿ ಎದ್ದರೆ ನಿಕಾಹ್. ಮುಖ ಸಣ್ಣದು ಮಾಡಿಕೊಂಡು ಎದ್ದರೆ ಆ ಹೆಸರು ಮತ್ತೆ ಈ ಮನೆಯಲ್ಲಿ ಎತ್ತಬಾರದು. ಜೊತೆಗೆ, ಹಿರಿಯರ ಮಾತಿನ ನಡುವೆ ಹುಡುಗ ಹುಡುಗಿ ಇರುವುದು ಪದ್ಧತಿಯಲ್ಲ. ಹುಡುಗಿ ಬಳ್ಳಾರಿಯ ಲಾಡ್ಜಿನಲ್ಲೇ ಗೆಳತಿಯ ಜೊತೆ ಇರತಕ್ಕದ್ದು, ಹುಡುಗ ಬೀಗರನ್ನು ಬಾಗಿಲಲ್ಲಿ ಇಳಿಸಿ ಚಿಕ್ಕಪ್ಪನ ಮನೆಗೆ ಹೋಗತಕ್ಕದ್ದು. ಅಂದರೆ ಎರಡೂ ಭಾಷೆ ಬಲ್ಲ ಇಬ್ಬರನ್ನೂ ಬಡೇಮಾ ಹೊರಗಿಟ್ಟಿದ್ದರು.

‘ಮಾತು ಯಾರು ಆಡಬೇಕಲೇ ಹಂಗಾದ್ರ?’ ಎಂದೆ.

‘ನೀನ,’ ಎಂದ ಹೊನ್ನೂರ್‌ಸಾಬ್. ‘ನಮ್ಮನಿಯಾಗ ಕನ್ನಡ, ಒಂದೀಟು ಉರ್ದು, ಸಂತಿಯಾಗ ತೆಲುಗು. ಫಾರ್ಸಿ ಹುಡುಗನ್ನ ಬಿಟ್ರ ಯಾರಿಗೂ ಬರಂಗಿಲ್ಲ. ನಿನಗ ಮೈಕ್ ಮುಂದ ಕೂತು ಗೊತ್ತೈತಿ. ಇನ್ನೂ ಟೈಮೈತಿ, ಕಲಿ.’

‘ಭಾಷೆ ಕಲಿಯೋದು ಅಂದ್ರ ಟೈರ್ ಬದಲ್ಸೋದೇನಲೇ?’

‘ಟೈರ್ ಬದಲ್ಸಾಕ ನಿನಗೆಲ್ಲಿ ಬರತಿತ್ತು? ಜಾಕ್ ಹಿಡ್ಕಂಡು ನಿಂತಾವ ನೀನು. ಇದಾದ್ರೂ ಕಲಿ,’ ಎಂದ. ಆಮೇಲೆ ದನಿ ಇಳಿಸಿ, ‘ಯರ್ರಿಸ್ವಾಮಿ, ಹುಡುಗ ಎಂದೂ ನನ್ನ ಹಂತ್ಯಾಕ ಏನೂ ಕೇಳಿದಾವಲ್ಲ. ಇದೊಂದು ಕೇಳ್ಯಾನ’ ಎಂದ. ಅವನು ನನ್ನ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಲ್ಲದಿದ್ದರೆ ನಾನು ಯಾವಾಗಲೂ ಬರೀ ‘ಲೇ’.

ಫೋನಿನಲ್ಲಿ ಭಾಷೆ ಕಲಿಸುವ ವ್ಯವಸ್ಥೆಯೊಂದನ್ನು ಜಮೀರನೇ ಹಾಕಿಕೊಟ್ಟ. ಅದರಲ್ಲಿ ಪಾಠಗಳು ಕೋಣೆಗಳಂತೆ ಇದ್ದವು: ಕುಟುಂಬ, ಊಟ, ಭಾವನೆಗಳು, ಪ್ರವಾಸ. ಪ್ರವಾಸದ ಕೋಣೆಯ ಬಾಗಿಲು ಮಾತ್ರ ತೆರೆದಿತ್ತು, ಉಳಿದವಕ್ಕೆ ಪುಟ್ಟ ಬೀಗದ ಚಿತ್ರ. ಬೀಗ ತೆಗೆಸಿಕೊಡುತ್ತೇನೆ ಎಂದು ಜಮೀರ್ ಹೇಳಿದ. ನಾನೇ ಬೇಡ ಎಂದೆ. ಬೀಗರು ಪ್ರಯಾಣ ಮಾಡಿ ಬರುವವರು, ಪ್ರಯಾಣದ ಮಾತು ಸಾಕು ಎಂಬುದು ನನ್ನ ವಾದ. ನಿಜ ಹೇಳಬೇಕೆಂದರೆ ಆ ಕೋಣೆಯೊಳಗೆ ಕಾಲಿಟ್ಟ ಕೂಡಲೇ ನನಗೆ ನನ್ನ ಹಳೆಯ ನಿಲ್ದಾಣಕ್ಕೇ ಬಂದಂತಾಗಿತ್ತು. ಬಸ್ಸು ‘ಒತೋಬೂಸ್’, ನಿಲ್ದಾಣ ‘ಇಸ್ತ್‌ಗಾಹ್’, ಟಿಕೆಟ್ಟು ‘ಬೆಲೀತ್’, ಪೆಟ್ಟಿಗೆ ‘ಚಮೆದಾನ್’. ಪ್ರಯಾಣಿಕ ‘ಮೊಸಾಫೆರ್’. ಇದನ್ನು ಕೇಳಿದಾಗ ನಮ್ಮ ತಾತ ನೆನಪಾದ. ರೈಲು ನಿಲ್ದಾಣದ ತಂಗುವ ಕೋಣೆಯನ್ನು ಅವನು ಸಾಯುವತನಕ ಮುಸಾಫಿರಖಾನೆ ಎಂದೇ ಕರೆದ. ನನ್ನ ಕೈಹಿಡಿದು ಅಲ್ಲಿ ಕೂರಿಸಿ, ಹೋಗಿ ಬರುವ ಗಾಡಿ ತೋರಿಸಿ, ಎಲ್ಲಿಗೂ ಹೋಗದೆ ಮನೆಗೆ ಕರೆತರುತ್ತಿದ್ದ. ಅದೇ ನಮ್ಮ ಪ್ರವಾಸ. ಬಸ್ಸು ಹೊರಡುವುದಕ್ಕೆ ಫಾರ್ಸಿಯಲ್ಲಿ ‘ಹರಕತ್’ ಎಂಬ ಮಾತಿದೆಯೆಂದು ತಿಳಿದಾಗ ಹೊನ್ನೂರ್‌ಸಾಬನಿಗೆ ಫೋನು ಮಾಡಿ ಹೇಳಿದೆ. ನಮ್ಮ ಕಡೆ ಕೆಲಸಕ್ಕೆ ಬರುವ ಅಡ್ಡಿಗೆ ತಾನೇ ಹರಕತ್ತು ಎನ್ನುವುದು. ಅವನು ಸ್ವಲ್ಪ ಯೋಚಿಸಿ, ‘ನಮ್ಮ ಬಸ್ಸಿಗೆ ಎರಡೂ ಸರಿಹೊಕ್ಕಿತ್ತು’ ಎಂದ.

ನನ್ನ ಕಲಿಕೆಯ ಕ್ರಮ ಒಂದೇ: ಕೂಗುವುದು. ಮೈಕಿನಲ್ಲಿ ಎಳೆದಂತೆ ಎಳೆದರೆ ಮಾತ್ರ ಹೊಸ ಹೆಸರು ನನ್ನ ತಲೆಯಲ್ಲಿ ಕೂರುತ್ತದೆ. ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ‘ಫೊರೂದ್‌ಗಾಹ್ ಕೋಜಾಸ್ತ್’, ಅಂದರೆ ವಿಮಾನ ನಿಲ್ದಾಣ ಎಲ್ಲಿದೆ, ಎಂದು ಕೂಗುತ್ತಿದ್ದೆ. ಕೆಳಗೆ ಮೆಣಸಿನಕಾಯಿ ಅಂಗಡಿಯವರು ಮೂಟೆ ಇಳಿಸುತ್ತಾ, ‘ಬಲಕ್ಕ ಹೊಳ್ರಿ ಸಾಮಿ, ಅಲ್ಲೇ ಐತಿ’ ಎನ್ನುತ್ತಿದ್ದರು. ಪಂಪಮ್ಮ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ದಿನ, ‘ಬಂದೋರಿಗೆ ಉಣ್ರಿ ಅನ್ನಾಕ ಏನಂತಾರ?’ ಎಂದು ಕೇಳಿದಳು.

‘ಅದು ಬೀಗ ಹಾಕಿದ ಕೋಣ್ಯಾಗ ಐತಿ,’ ಎಂದೆ.

‘ಪೆಟ್ಟಿಗಿ ಎಲ್ಲೈತಿ ಅಂತ ಕೇಳಾಕ ಬರತೈತಿ, ಉಣ್ರಿ ಅನ್ನಾಕ ಬರಂಗಿಲ್ಲ. ಛಲೋ ಬೀಗತನ,’ ಎಂದು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದಳು.

ಇಷ್ಟರಲ್ಲಿ ಜಮೀರ್ ಇನ್ನೊಂದು ಕೆಲಸ ಮಾಡಿದ್ದ. ಮನೆಯವರನ್ನೆಲ್ಲ ಕೂರಿಸಿ ಬುದ್ಧಿ ಹೇಳಿದ್ದ. ‘ಹೊರದೇಶದೋರು ನಮ್ಮಂಗಲ್ಲ. ಒಮ್ಮೆ ಬ್ಯಾಡ ಅಂದ್ರ ಬ್ಯಾಡ ಅಂತಲೇ ಅರ್ಥ. ಮ್ಯಾಲ ಬಿದ್ದು ಬಡಿಸಿದ್ರ ಅವರಿಗೆ ಹಿಂಸಿ ಆಗತೈತಿ. ಯಾರೂ ಒತ್ತಾಯ ಮಾಡಬಾರ್ದು, ನನ್ನಾಣಿ’ ಎಂದು ಅಪ್ಪನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡ. ಇದನ್ನು ಬಡೇಮಾಗೆ ಹೇಳುವ ಧೈರ್ಯ ಅವನಿಗಾಗಲಿಲ್ಲ. ಅಲ್ಲಿ ಬಳ್ಳಾರಿಯ ಲಾಡ್ಜಿನಲ್ಲಿ ಆ ಹುಡುಗಿಯೂ ತನ್ನ ತಂದೆತಾಯಿಗೆ ಹೀಗೆಯೇ ಒಂದು ಪಾಠ ಹೇಳಿದ್ದಳಂತೆ. ಅದು ನಮಗೆ ತಿಳಿದದ್ದು ಬಹಳ ತಡವಾಗಿ.

ಅಂತೂ ಆ ಭಾನುವಾರ ಬಂತು. ಜಮೀರ್ ಕಾರಿನಲ್ಲಿ ಅವರನ್ನು ಕರೆತಂದು ಬಾಗಿಲಲ್ಲಿ ಇಳಿಸಿ, ಅಜ್ಜಿಯ ಅಪ್ಪಣೆಯಂತೆ ಚಿಕ್ಕಪ್ಪನ ಮನೆಗೆ ಮಾಯವಾದ. ಹುಡುಗಿಯ ತಂದೆ ರಹಮತಿ ಎಂಬುವರು. ನೀರು ಸರಬರಾಜಿನ ಕಚೇರಿಯಲ್ಲಿದ್ದು ನಿವೃತ್ತರಾದವರು, ಬಿಳಿಮೀಸೆ, ಇಸ್ತ್ರಿ ಮುರಿಯದ ಕೋಟು. ಗಂಡಸರಿಗೆ ಅವರಲ್ಲಿ ‘ಆಗಾ’ ಎನ್ನುತ್ತಾರೆ, ನಮ್ಮ ‘ಸಾಹೇಬರು’ ಇದ್ದಂತೆ. ತಾಯಿಯನ್ನು ಖಾನಮ್ ಎಂದು ಕರೆಯಬೇಕು. ಅವರು ಕೈಚೀಲವನ್ನು ಎದೆಗೆ ಹಿಡಿದುಕೊಂಡು ಮನೆಯ ತೊಲೆ, ಕಂಬ, ಗೂಡು ಎಲ್ಲವನ್ನೂ ಕಣ್ಣಲ್ಲೇ ತೂಗಿದರು. ಆಗಾ ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ, ಥ್ಯಾಂಕ್ಯೂ ಆದ ಮೇಲೆ ರಸ್ತೆ ಇಲ್ಲ. ನಾನು ಮುಂದೆ ಬಂದು ‘ಖೋಶ್ ಆಮದೀದ್’ ಎಂದು ಸ್ವಾಗತಿಸಿದೆ. ಮೈಕಿನ ರೂಢಿಗೆ ಸ್ವಲ್ಪ ಜೋರಾಯಿತು. ಖಾನಮ್ ಬೆಚ್ಚಿದರೂ ನಕ್ಕರು. ಅಡುಗೆ ಇನ್ನೂ ತಡವಿದ್ದುದರಿಂದ ಹತ್ತಿರದ ಕೆಂಚನಗುಡ್ಡಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ನನ್ನನ್ನು ನೀವು ನೋಡಬೇಕಿತ್ತು. ತುಂಗಭದ್ರೆಯನ್ನು ತೋರಿಸಿ ‘ರೂದ್‌ಖಾನೆ’ ಎಂದೆ. ದೂರದ ಸೇತುವೆಗೆ ‘ಪೋಲ್’ ಎಂದೆ. ಫೋಟೋ ತೆಗೆಯಬಹುದೆಂದು ‘ಅಕ್ಸ್, ಅಕ್ಸ್’ ಎಂದೆ. ಆಗಾ ಪ್ರತಿ ಮಾತಿಗೂ ಸಂತೋಷದಿಂದ ತಲೆದೂಗಿದರು. ಒಂದು ಹಳೆಯ ಕಲ್ಲಿನ ಮೇಲೆ ಕೂತು ನದಿ ನೋಡುತ್ತಾ ಬಹಳ ಹೊತ್ತು ಏನೋ ಹೇಳಿದರು. ಒಂದಕ್ಷರ ತಿಳಿಯಲಿಲ್ಲ. ಆದರೆ ಜನ್ಮವೆಲ್ಲ ನೀರಿನ ಕಚೇರಿಯಲ್ಲಿ ದುಡಿದವನೊಬ್ಬ ನೀರಿನ ಮುಂದೆ ಕೂತು ಹೇಳುವ ಮಾತು ಏನಿರಬಹುದೆಂದು ಊಹಿಸಿ ನಾನೂ ತಲೆದೂಗಿದೆ. ಹೊನ್ನೂರ್‌ಸಾಬ್ ನನ್ನ ಕಿವಿಯಲ್ಲಿ, ‘ಲೇ, ನೀ ಹುಲಿ ಅದೀಲೇ’ ಎಂದ. ನಾನು ನಂಬಿದೆ.

ಈಗ ಕಂಬದ ಹತ್ತಿರ ಬರೋಣ. ಪಡಸಾಲೆಯ ನೆಲಕ್ಕೆ ಊಟದ ಬಟ್ಟೆ, ದಸ್ತರಖಾನು, ಹಾಸಿ ಬೀಗರನ್ನು ಕೂರಿಸಿದ್ದರು. ಎದುರಿಗೆ ಬಿರಿಯಾನಿಯ ಹಂಡೆ, ದಾಲ್ಚಾ, ಪಕ್ಕದಲ್ಲಿ ಪಂಪಮ್ಮ ಹಿಂದಿನ ದಿನವೇ ಮಾಡಿ ತಂದ ಶೇಂಗಾ ಹೋಳಿಗೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಡೇಮಾ ಒಳಕೋಣೆಯ ಮಂಚದಲ್ಲಿ, ಪರದೆಯ ಆಚೆ. ಹೊನ್ನೂರ್‌ಸಾಬ್ ತಾನೇ ಹಂಡೆಯ ಮುಚ್ಚಳ ತೆಗೆದ. ಘಮ ಕಂಬಗಳವರೆಗೆ ಬಂತು. ಸೌಟು ತುಂಬಿ ಆಗಾ ಅವರ ತಾಟಿನ ಮೇಲೆ ತಂದ. ಆಗಾ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ‘ನ, ಮೆರ್ಸಿ’ ಎಂದರು. ಸೌಟು ಖಾನಮ್ ಕಡೆ ತಿರುಗಿತು. ಅವರೂ ಎದೆಯ ಮೇಲೆ ಕೈಯಿಟ್ಟು ‘ನ, ಮೆರ್ಸಿ’ ಎಂದರು. ಹೊನ್ನೂರ್‌ಸಾಬ್ ನನ್ನ ಮುಖ ನೋಡಿದ. ಆ ಎರಡು ಶಬ್ದ ನನ್ನ ಪಾಠದಲ್ಲಿದ್ದವು. ದಾರಿಯಲ್ಲಿ ಯಾರಾದರೂ ಏನನ್ನಾದರೂ ಮಾರಲು ಬಂದರೆ ಹೇಳಬೇಕಾದ ಮಾತು. ನಾನು ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, ‘ಬ್ಯಾಡ ಅಂತಾರ’ ಎಂದು ಸಾರಿದೆ. ಸಾರಿ, ಬಹಳ ನಾಗರಿಕನಂತೆ ಆಗಾ ಅವರಿಗೆ ಒಮ್ಮೆ ತಲೆಯಾಡಿಸಿದೆ: ತಿಳಿಯಿತು, ನಿಮ್ಮ ಇಷ್ಟ ಎಂಬಂತೆ.

ಹೊನ್ನೂರ್‌ಸಾಬ್ ಸೌಟನ್ನು ಹಂಡೆಗೆ ವಾಪಸು ಹಾಕಿದ. ಜನ್ಮದಲ್ಲಿ ಅವನ ಮನೆಯ ಸೌಟು ತುಂಬಿದ್ದು ತುಂಬಿದಂತೆ ಹಿಂದಕ್ಕೆ ಹೋದದ್ದು ಅದೊಂದೇ ಸಲ. ಮುಚ್ಚಳ ಮುಚ್ಚಿದ. ಆ ಸದ್ದನ್ನೇ ನಾನು ಆಗ ಹೇಳಿದ್ದು. ಬೀಗರ ಕಣ್ಣುಗಳು ಮುಚ್ಚಳದ ಜೊತೆಗೇ ಕೆಳಗಿಳಿದು ಅಲ್ಲೇ ನಿಂತವು. ಆಗಾ ತಮ್ಮ ಖಾಲಿ ತಾಟು ನೋಡಿಕೊಂಡರು, ಆಮೇಲೆ ಹೆಂಡತಿಯ ಖಾಲಿ ತಾಟು ನೋಡಿದರು. ಖಾನಮ್ ಕೆಳಗಿಟ್ಟಿದ್ದ ಕೈಚೀಲವನ್ನು ಮತ್ತೆ ಎದೆಗೆ ಎತ್ತಿಕೊಂಡರು. ಬೀಗರು ಉಣ್ಣದೆ ಯಾರೂ ಉಣ್ಣುವಂತಿಲ್ಲವಾದ್ದರಿಂದ ಎಲ್ಲರೂ ಖಾಲಿ ತಾಟಿನ ಮುಂದೆ ಗೌರವದಿಂದ ಕೂತಿದ್ದರು. ಹೊನ್ನೂರ್‌ಸಾಬನ ಹಣೆಯಲ್ಲಿ ಬೆವರು. ಅವನು ಹಲ್ಲು ಕಚ್ಚಿ, ‘ಏನಾರ ಮಾತಾಡಲೇ’ ಎಂದ.

ಮಾತಾಡಬೇಕು ನಿಜ. ಆದರೆ ಹೊಟ್ಟೆ ಹಸಿದಿಲ್ಲವೇ, ಮೈ ಸರಿಯಿಲ್ಲವೇ, ಅಡುಗೆ ಹಿಡಿಸಲಿಲ್ಲವೇ, ಈ ಎಲ್ಲ ಪ್ರಶ್ನೆಗಳೂ ಬೀಗ ಹಾಕಿದ ಕೋಣೆಗಳಲ್ಲಿದ್ದವು. ತೆರೆದಿದ್ದ ಒಂದೇ ಕೋಣೆಯಲ್ಲಿ ಗಾಬರಿಯಿಂದ ಹುಡುಕಾಡಿ, ಕೈಗೆ ಸಿಕ್ಕ ಮೊದಲ ವಾಕ್ಯವನ್ನು ಅತ್ಯಂತ ವಿನಯದಿಂದ ಖಾನಮ್ ಮುಂದಿಟ್ಟೆ. ‘ಚಮೆದಾನೆ ಶೊಮಾ ಕೋಜಾಸ್ತ್?’ ನಿಮ್ಮ ಪೆಟ್ಟಿಗೆ ಎಲ್ಲಿದೆ?

ಊಟವಿಲ್ಲದ ಮನೆಯಲ್ಲಿ ಕೂತ ಬೀಗತಿಗೆ ಕೇಳಬೇಕಾದ ಪ್ರಶ್ನೆ ಇದಲ್ಲವೆಂದು ಅದು ನನ್ನ ಬಾಯಿಂದ ಹೊರಬಿದ್ದ ಮೇಲೆ ಹೊಳೆಯಿತು. ಖಾನಮ್ ಮುಖ ಸುಣ್ಣವಾಯಿತು. ಆಗಾ ನಿಧಾನವಾಗಿ ಕೋಟಿನ ಗುಂಡಿ ಹಾಕಿಕೊಂಡು ಮೊಣಕಾಲಿನ ಮೇಲೆ ಕೈಯೂರಿ ಏಳತೊಡಗಿದರು. ಆ ಕ್ಷಣ ನಾನು ಕಂಬ ಹಿಡಿದುಕೊಂಡೆ. ಎರಡನೆಯ ಕಂಬವೆಂದು ನನಗೆ ಇಷ್ಟು ಖಾತ್ರಿಯಿರುವುದು ಅದಕ್ಕೇ. ಅದರಲ್ಲಿ ಲಾಟೀನು ನೇತುಹಾಕುವ ಮೊಳೆಯಿದೆ, ನನ್ನ ಅಂಗೈಗೆ ಚುಚ್ಚಿತು.

ಆಗ ಪರದೆಯ ಆಚೆಯಿಂದ ಬಡೇಮಾ ದನಿ ಬಂತು. ‘ಹೊನ್ನೂರ, ಯಾಕಲೇ ತಾಟಿನ ಸಪ್ಪಳ ಇಲ್ಲ?’

‘ಅವರು ಬ್ಯಾಡ ಅಂದ್ರಮ್ಮಾ.’

‘ಎಷ್ಟು ಸಲ ಅಂದ್ರು?’

ಹೊನ್ನೂರ್‌ಸಾಬ್ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ‘ಒಂದ್ ಸಲ,’ ಎಂದ ಅವನು.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಬಹಳ ತಣ್ಣಗೆ ಬಂದ ಮಾತು ಇದು. ‘ಒಂದ್ ಸಲ ಅಂದಿದ್ದಕ್ಕ ಮುಚ್ಚಳ ಮುಚ್ಚಿದ್ಯಾ? ನಾ ಇನ್ನೂ ಬದುಕೀನಿ ಅಂತ ನೆನಪೈತೇನು ನಿನಗ? ಪಂಪಮ್ಮಾ, ಅಲ್ಲಿ ಗಂಡಸ್ರು ಅದಾರ, ಅವರಿಂದ ಆಗಂಗಿಲ್ಲ. ನೀ ನೋಡಬೇ.’

ಪಂಪಮ್ಮ ಇಂಥ ಅಪ್ಪಣೆಗೇ ಕಾದಿದ್ದವಳಂತೆ ಬಾಗಿಲು ಬಿಟ್ಟು ಬಂದಳು. ಏಳುತ್ತಿದ್ದ ಆಗಾ ಅವರಿಗೆ ಅಂಗೈ ತೋರಿಸಿ ‘ಕುಂದರ್ರಿ ಅಣ್ಣಾರ’ ಎಂದಳು. ಕನ್ನಡ ತಿಳಿಯದ ಮನುಷ್ಯ ಕೂತುಬಿಟ್ಟರು. ಖಾನಮ್ ಎದೆಯಿಂದ ಕೈಚೀಲ ಬಿಡಿಸಿ ಪಕ್ಕಕ್ಕಿಟ್ಟು, ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಖಾನಮ್ ‘ನ, ನ’ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರು. ಹಿಡಿದ ಆ ಕೈಯನ್ನು ನಾನು ನೋಡಿದೆ. ಬೆರಳುಗಳ ನಡುವೆ ಬೇಕಷ್ಟು ಸಂದು ಬಿಟ್ಟಿದ್ದರು. ಕುರುಗೋಡಿನ ಬಯಲಿನಲ್ಲಿ ತಿಪ್ಪಮ್ಮನ ತಾಟಿನ ಮೇಲೆ ಹೊನ್ನೂರ್‌ಸಾಬ್ ಅಡ್ಡ ಹಿಡಿಯುತ್ತಿದ್ದ ಕೈ ಅದು. ಪಂಪಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿ, ‘ಇಷ್ಟು ದೂರ ಬಂದು ಹಂಗ ಹೋಗಾಕಾಗಂಗಿಲ್ರಿ ಅಕ್ಕಾರ’ ಎಂದು ಇನ್ನೊಂದು ಹೋಳಿಗೆ ಇಟ್ಟಳು. ಖಾನಮ್ ಮತ್ತೊಮ್ಮೆ ‘ನ’ ಎಂದು, ಇನ್ನೊಂದು ಕೈಯಿಂದ ತಾಟನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಹೊನ್ನೂರ್‌ಸಾಬನಿಗೆ ಮೈಮೇಲೆ ಎಚ್ಚರ ಬಂದಂತಾಗಿ, ಹಂಡೆಯ ಮುಚ್ಚಳವನ್ನು ಪಡಸಾಲೆಯ ಮೂಲೆಗೆ ಎಸೆದು ಬಡಿಸಲು ನಿಂತ. ಆಗಾ ಬೇಡ ಎಂದಷ್ಟೂ ಹಾಕಿದ, ಅವನು ಹಾಕಿದಷ್ಟೂ ಆಗಾ ಬೇಡ ಎಂದರು. ಇಬ್ಬರ ಮುಖದಲ್ಲೂ ಅಂಥ ನೆಮ್ಮದಿಯನ್ನು ನಾನು ಕಂಡಿಲ್ಲ.

ಆಮೇಲೆ ತಿಳಿಯಿತು. ಅವರ ಊರಿನಲ್ಲೂ ಹೀಗೆಯೇ ಅಂತೆ. ಕರೆದ ಕೂಡಲೇ ಹೂಂ ಎನ್ನಬಾರದು, ಬೇಡ ಎಂದ ಕೂಡಲೇ ಬಿಡಬಾರದು. ಅದಕ್ಕೆ ಅವರು ‘ತಾರೊಫ್’ ಎಂದು ಹೆಸರನ್ನೇ ಇಟ್ಟಿದ್ದಾರೆ. ನಾವು ಹೆಸರಿಡುವ ಗೋಜಿಗೆ ಹೋಗಿಲ್ಲ, ಅಷ್ಟೇ ವ್ಯತ್ಯಾಸ. ಹುಡುಗಿ ಲಾಡ್ಜಿನಲ್ಲಿ ತಂದೆತಾಯಿಗೆ ಹೇಳಿದ ಪಾಠವೂ ಅದೇ: ಇಲ್ಲಿಯವರು ನಮ್ಮಂತಲ್ಲ, ಬೇಡ ಎಂದರೆ ನಿಜವೆಂದೇ ತಿಳಿಯುತ್ತಾರೆ, ಮೊದಲ ಸಲವೇ ಹೂಂ ಅನ್ನಿ. ಅವರು ಮಾತು ಕೊಟ್ಟಿದ್ದರಂತೆ. ಆದರೆ ಸೌಟು ಎದುರಿಗೆ ಬಂದಾಗ ಹುಟ್ಟಿನಿಂದ ಬಂದ ಕೈ ತಾನಾಗಿಯೇ ಎದೆಗೆ ಹೋಗಿದೆ. ಮಕ್ಕಳ ಮಾತು ಕೇಳಿದವರು ನಾವೊಬ್ಬರೇ.

ಊಟವಾಗಿ, ಎಲೆ ಅಡಿಕೆಯಾಗಿ, ಎಲ್ಲರೂ ಗೋಡೆಗೆ ಒರಗಿದಾಗ ಖಾನಮ್ ಪಂಪಮ್ಮನ ಎರಡೂ ಕೈ ಹಿಡಿದು ಏನೋ ಹೇಳಿದರು. ‘ದಸ್ತೆ ಶೊಮಾ ದರ್ದ್ ನಕೊನೆ.’ ನನ್ನ ಪಾಠದಲ್ಲಿ ಇಲ್ಲದ ಮಾತು. ಬಡಿಸಿದ ಕೈಗೆ ನೋವಾಗದಿರಲಿ ಎಂದು ಹರಸುವುದಂತೆ. ಮುಂದೆ ಜಮೀರ್ ಬಿಡಿಸಿ ಹೇಳಿದ. ಅಂದು ಯಾರೂ ಬಿಡಿಸಿ ಹೇಳದಿದ್ದರೂ ಪಂಪಮ್ಮ, ‘ಇರ್ಲಿ ಬಿಡ್ರಿ ಅಕ್ಕಾರ, ಅದರಾಗೇನೈತಿ’ ಎಂದು ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು.

ಆಗ ಆಗಾ ನನ್ನ ಕಡೆ ತಿರುಗಿದರು. ಈ ಮನುಷ್ಯನ ಜೋಳಿಗೆಯಲ್ಲಿ ಯಾವ ಮಾತುಗಳಿವೆ, ಯಾವುವು ಇಲ್ಲ ಎಂಬುದು ಬೆಳಗಿನಿಂದ ಅವರಿಗೆ ತಿಳಿದಿತ್ತು. ಒಂದೊಂದೇ ಶಬ್ದವನ್ನು ಚಿಕ್ಕ ಮಗುವಿಗೆ ಕೊಟ್ಟಂತೆ ಕೊಟ್ಟರು. ಜೇಬಿನಿಂದ ಮಗಳ ಫೋಟೋ ತೆಗೆದು ಮುಂದೆ ಹಿಡಿದು, ‘ಮೊಸಾಫೆರೆ ಮಾ’ ಎಂದರು. ನಮ್ಮ ಪ್ರಯಾಣಿಕಳು. ಆಮೇಲೆ ಪಡಸಾಲೆಯ ನೆಲವನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ, ‘ಇಸ್ತ್‌ಗಾಹೆ ಆಖರ್. ಇನ್‌ಜಾ’ ಎಂದರು. ಕೊನೆಯ ನಿಲ್ದಾಣ. ಇಲ್ಲಿ.

ಒಂದು ಮಾತೂ ಬೀಗ ಹಾಕಿದ ಕೋಣೆಯದಾಗಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಇಂಥದ್ದನ್ನು ಸಾದಾ ದನಿಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅಂಥ ಹೊತ್ತಿಗೆ ಹೊರಡುವ ದನಿ ನನ್ನ ಹತ್ತಿರ ಒಂದೇ ಇದೆ. ‘ಪ್ರಯಾಣಿಕರ ಗಮನಕ್ಕೆ,’ ಎಂದು ಎಳೆದೆ. ‘ಶಿರಾಜಿನಿಂದ ಹೊರಟ ನಸ್ತರನ್ ಎಂಬ ಪ್ರಯಾಣಿಕರು ಸಿರುಗುಪ್ಪಕ್ಕೆ ಆಗಮಿಸಲಿದ್ದಾರೆ. ಇದೇ ಕೊನೆಯ ನಿಲ್ದಾಣ.’ ಆ ದನಿ ಕೇಳಿದರೆ ಎದ್ದು ಬಸ್ಸು ಹತ್ತುವುದು ಹೊನ್ನೂರ್‌ಸಾಬನ ಹಳೆಯ ರೂಢಿ, ಎದ್ದು ನಿಂತ. ನಿಂತವನು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಕೂತ. ಪರದೆಯ ಆಚೆಯಿಂದ ಬಡೇಮಾ, ‘ಹುಡುಗನ್ನ ಕರೀರಿ, ಅವನೂ ಉಣ್ಣಲಿ’ ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಸಾಯಂಕಾಲ ಬೀಗರು ಹೊರಟಾಗ ನಾನು ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೆ, ಕಾರಿನ ಪಕ್ಕ ನಿಂತಿದ್ದೆ. ಆಗಾ ನನ್ನ ಭುಜ ಹಿಡಿದು, ‘ಶಿರಾಜ್, ಖಾನೆ-ಯೆ ಮಾ, ಬೆಫರ್ಮಾಯೀದ್’ ಎಂದರು. ಶಿರಾಜಿಗೆ, ನಮ್ಮ ಮನೆಗೆ, ದಯಮಾಡಿಸಿ. ಪ್ರತಿ ಅಕ್ಷರವೂ ತಿಳಿಯಿತು. ಮಾಳಿಗೆಯ ಮೇಲೆ ಕೂಗಿದ ಇಸ್ತ್‌ಗಾಹ್, ಫೊರೂದ್‌ಗಾಹ್ ಎಲ್ಲವೂ ಒಟ್ಟಿಗೇ ಎದೆಯಲ್ಲಿ ಎದ್ದು ಕೂತವು. ಮುಸಾಫಿರಖಾನೆಯ ತಾತ ಎದ್ದು ಕೂತ. ಹೂಂ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು, ಎದೆಯ ಮೇಲೆ ಕೈಯಿಟ್ಟು, ‘ನ, ಮೆರ್ಸಿ.’ ಎರಡನೆಯ ಸಲ ಕರೆಯಲಿ ಎಂದು ಕಾದೆ. ಆಗಾ ನನ್ನನ್ನೇ ದಿಟ್ಟಿಸಿದರು. ಆಮೇಲೆ, ಮಧ್ಯಾಹ್ನ ನಾನು ತಲೆಯಾಡಿಸಿದೆನಲ್ಲ, ಥೇಟ್ ಹಾಗೆಯೇ, ಬಹಳ ನಾಗರಿಕರಂತೆ ಒಮ್ಮೆ ತಲೆಯಾಡಿಸಿ, ಕಾರು ಹತ್ತಿ ಬಾಗಿಲು ಹಾಕಿಕೊಂಡರು. ಅವರ ಮೀಸೆಯ ಕೆಳಗೆ ನಗುವಿತ್ತೋ ಇಲ್ಲವೋ ಎಂಬುದನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಲಾರೆ, ಸೂರ್ಯ ಎದುರಿಗಿದ್ದ.

ನಸ್ತರನ್ ಈಗ ನಮ್ಮ ಸಿರುಗುಪ್ಪದ ಸೊಸೆ. ಜಮೀರನದು ಅಲ್ಲೇ ಔಷಧಿ ಅಂಗಡಿ. ನಾನು ಬಿ.ಪಿ. ಮಾತ್ರೆಗೆ ಹೋದರೆ, ‘ಬರ್ರಿ ಕಾಕಾ, ಚಾ ಕುಡೀತೀರಾ? ಓ, ನೀವು ಬ್ಯಾಡ ಅನ್ನೋರು ಅಲ್ಲೇನ್ರಿ’ ಎಂದು ನಮ್ಮ ಮಾತಿನಲ್ಲೇ ಚುಚ್ಚುತ್ತಾಳೆ. ಅಪ್ಪ ನಿಜವಾಗಿ ನಂಬಿದರೋ, ತಮಾಷೆ ಮಾಡಿದರೋ ಎಂದು ಕೇಳಿದರೆ ನಗುತ್ತಾಳೆ, ಹೇಳುವುದಿಲ್ಲ. ನಾನು ಈಗಲೂ ಬೆಳಿಗ್ಗೆ ಮಾಳಿಗೆಯ ಮೇಲೆ ಪಾಠ ಬಿಟ್ಟಿಲ್ಲ. ಎರಡನೆಯ ಸಲ ಕರೆದರೆ ಬೇಕಾಗುತ್ತದಲ್ಲ.

ನಾನು ಬೇಡ ಎಂದದ್ದು ಒಂದೇ ಸಲ. ಇದನ್ನು ಕಂಡವರಿದ್ದಾರೆ. ಬಡೇಮಾ ಮಂಚದ ಪಕ್ಕದ ಕಿಟಕಿಯಿಂದ ನೋಡುತ್ತಿದ್ದರು, ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರಿದ್ದಾಗಲೇ ನಾನು ನಾಚಿಕೆ ಬಿಟ್ಟು ಹೇಳಿಕೊಂಡಿದ್ದರೆ ಶಿರಾಜಿಗೆ ಫೋನು ಮಾಡಿಸಿ ‘ಒಂದ್ ಸಲ ಅಂದಿದ್ದಕ್ಕ ಬಿಟ್ಟೇನಪ್ಪಾ?’ ಎಂದು ಕೇಳಿರುತ್ತಿದ್ದರು. ಆಗಾ, ಖಾನಮ್ ಇಬ್ಬರೂ ಶಿರಾಜಿನಲ್ಲಿ ಆರೋಗ್ಯವಾಗಿದ್ದಾರೆ. ಕಾರು ನಡೆಸಿದ ಜಮೀರ್ ಇದ್ದಾನೆ, ಆದರೆ ಅವನ ಮನಸ್ಸು ಅಂದು ಬಳ್ಳಾರಿಯ ಲಾಡ್ಜಿನಲ್ಲಿತ್ತು. ಹೊನ್ನೂರ್‌ಸಾಬ್ ಗಟ್ಟಿಯಾಗಿದ್ದಾನೆ, ಆದರೆ ಅವನು ಕಂಬವನ್ನೇ ತಪ್ಪು ಹೇಳುವ ಸಾಕ್ಷಿ. ಉಳಿದವಳು ಪಂಪಮ್ಮ. ಇಲ್ಲೇ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಾಳೆ. ನಾನು ಬರೆದದ್ದನ್ನು ಓದಿ ಹೇಳಿದೆ, ಒಂದೇ ಸಲ ತಾನೇ ಎಂದು ಕೇಳಿದೆ.

‘ಎರಡ್ ಸಲ ಅಂದ್ರಿ,’ ಎಂದಳು ತಲೆಯೆತ್ತದೆ. ‘ಎರಡನೇದು ಕಾರ್ ಹೋದ ಮ್ಯಾಲ.’